ಮೂರನೇ ಪ್ಯಾರಾದ ದೇಶ

ಸಕಲೇಶಪುರ ಕಡೆಯ ಕಾಫಿ ಬೆಳೆಗಾರರೊಬ್ಬರು ಕೆಲವು ವರ್ಷಗಳ ಹಿಂದೆ ಫೋನ್ ಮಾಡಿ, ನಮಸ್ಕಾರವನ್ನೂ ಹೇಳದೆ ಕೇಳಿದ್ದು ಒಂದೇ ಪ್ರಶ್ನೆ: "ಮೇಷ್ಟ್ರೇ, ನನ್ನ ಮೊಬೈಲ್ ಎಲ್ಲಿ ಹೋಯಿತು?"

ಮೊಬೈಲ್ ಕಾಣೆಯಾಗಿದ್ದು ಅವರ ಜೇಬಿನಿಂದಲ್ಲ, ಯುರೋಪಿನ ಒಂದು ಪತ್ರಿಕೆಯ ವರದಿಯಿಂದ. ಆ ಪತ್ರಿಕೆಯ ದೆಹಲಿ ವರದಿಗಾರ ನಮ್ಮ ಕಡೆಯ ಕಾಡಾನೆ ಹಾವಳಿಯ ಬಗ್ಗೆ ಬರೆಯಲು ಬಂದಾಗ ದುಭಾಷಿಯಾಗಿ ಜೊತೆಗೆ ಹೋದವನು ನಾನು. ಎರಡು ದಿನ ತೋಟ ಸುತ್ತಿದೆವು. ಈ ಬೆಳೆಗಾರರು ಮೊಬೈಲ್ ತೆಗೆದು ಅಂದು ಬೆಳಿಗ್ಗೆ ಬಂದಿದ್ದ ಸಂದೇಶ ತೋರಿಸಿದರು. ಯಾವ ಎಸ್ಟೇಟಿನಲ್ಲಿ ಎಷ್ಟು ಆನೆಗಳಿವೆ, ಯಾವ ಕಡೆಗೆ ಹೊರಟಿವೆ ಎಂಬುದೆಲ್ಲ ಅದರಲ್ಲಿತ್ತು. ರೇಡಿಯೊ ಕಾಲರ್ ತೊಡಿಸಿದ ಹೆಣ್ಣಾನೆಯ ಜಾಡಿನಿಂದ ಈ ಮಾಹಿತಿ ಸಿಗುತ್ತದೆ, ಇದನ್ನು ನೋಡಿಕೊಂಡೇ ಆಳುಗಳನ್ನು ಹಣ್ಣು ಕೊಯ್ಯಲು ಕಳುಹಿಸುತ್ತೇವೆ ಎಂದು ವಿವರಿಸಿದರು. ವರದಿಗಾರ ಶ್ರದ್ಧೆಯ ಮನುಷ್ಯ, ಎರಡು ಪುಟ ಟಿಪ್ಪಣಿ ಮಾಡಿಕೊಂಡ. ಅಚ್ಚಾದಾಗ ಉಳಿದದ್ದು ಪಂಜು ಹಿಡಿದು ರಾತ್ರಿಯಿಡೀ ಕಾವಲು ಕೂತ ಮುದುಕ, ಆನೆ ತುಳಿದ ಗದ್ದೆ, ಜೊತೆಗೆ ಗಣೇಶನನ್ನು ಪೂಜಿಸುವ ಜನರಿಗೆ ಆನೆಯೇ ವೈರಿಯಾಯಿತು ಎಂಬರ್ಥದ ಒಂದು ಸಾಲು. ಮೂರರಲ್ಲಿ ಒಂದೂ ಸುಳ್ಳಲ್ಲ. ಮುದುಕನನ್ನು ಪರಿಚಯಿಸಿದ್ದು ನಾನೇ.

ವರದಿಗಾರನನ್ನು ಕೇಳಿದೆ. ಅವನು ಕಳುಹಿಸಿದ ಪ್ರತಿಯಲ್ಲಿ ಮೊಬೈಲ್ ಇತ್ತಂತೆ. 1,400 ಪದಗಳ ವರದಿ 800ಕ್ಕೆ ಇಳಿದಾಗ ಹೋಯಿತಂತೆ. ಕತ್ತರಿ ಹಾಕಿದ ಉಪಸಂಪಾದಕನ ಮೇಲೆ ನನಗೆ ಕೋಪ ಬರಲಿಲ್ಲ. ಒಂದು ಕನ್ನಡ ದಿನಪತ್ರಿಕೆಯ ವಿದೇಶ ಪುಟದಲ್ಲಿ 26 ವರ್ಷ ನಾನು ಮಾಡಿದ್ದೂ ಅದೇ ಕೆಲಸ. ಜಾಗ ಸಾಲದಾದಾಗ ಡೆಸ್ಕಿನಲ್ಲಿ ಕೂತವನು ಓದುಗನಿಗೆ ಮೊದಲೇ ಗೊತ್ತಿರುವುದನ್ನು ಉಳಿಸಿಕೊಳ್ಳುತ್ತಾನೆ, ಏಕೆಂದರೆ ಅದಕ್ಕೆ ವಿವರಣೆ ಬೇಡ. ಪಂಜು ಹಿಡಿದ ಮುದುಕನಿಗೆ ಒಂದು ಸಾಲು ಸಾಕು. ಆನೆಯ ಜಾಡನ್ನು ಮೊಬೈಲಿನಲ್ಲಿ ಓದುವ ಬೆಳೆಗಾರನಿಗೆ ನಾಲ್ಕು ಸಾಲಾದರೂ ಬೇಕು. ಆ ನಾಲ್ಕು ಸಾಲು ಎಲ್ಲಿಂದ ತರುವುದು?

ನಿವೃತ್ತಿಯ ನಂತರ ಹಾಸನದಲ್ಲಿ ಪತ್ರಿಕೋದ್ಯಮದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ವಿದೇಶಿ ಪತ್ರಿಕೆಗಳು ನಮ್ಮ ಬಗ್ಗೆ ಏನು ಬರೆಯುತ್ತವೆ ಎಂಬ ಚರ್ಚೆ ಬಂದಾಗಲೆಲ್ಲ ಅವರು ಶೀರ್ಷಿಕೆಗಳನ್ನು ಹುಡುಕಿ ತರುತ್ತಾರೆ. ಶೀರ್ಷಿಕೆ ಬಿಡಿ, ಮೂರನೇ ಪ್ಯಾರಾ ಓದಿ ಎನ್ನುತ್ತೇನೆ. ಏಜೆನ್ಸಿ ಸುದ್ದಿಗೆ ಒಂದು ಕಟ್ಟು ಇರುತ್ತದೆ. ಮೊದಲ ಪ್ಯಾರಾದಲ್ಲಿ ಘಟನೆ, ಎರಡನೆಯದರಲ್ಲಿ ಅಧಿಕಾರಿಯೋ ಪೊಲೀಸರೋ ಹೇಳಿದ ಮಾತು. ಮೂರರಲ್ಲೋ ನಾಲ್ಕರಲ್ಲೋ ಬರುವುದು, ಆ ದೇಶ ಎಂಥದ್ದು ಎಂದು ಹೊರಗಿನವನಿಗೆ ತಿಳಿಸುವ ಎರಡು ವಾಕ್ಯ. ಡೆಸ್ಕಿನವರು ಅದನ್ನು ಹಿನ್ನೆಲೆ ಎನ್ನುತ್ತಾರೆ. ಅದನ್ನು ಪ್ರತಿದಿನ ಯಾರೂ ಹೊಸದಾಗಿ ಬರೆಯುವುದಿಲ್ಲ. ನಿನ್ನೆಯ ಪ್ರತಿಯಿಂದ ಎತ್ತಿ ಇಂದಿನದಕ್ಕೆ ಅಂಟಿಸುತ್ತಾರೆ. ರಾಯಿಟರ್ಸ್, ಎಪಿ, ಎಎಫ್‌ಪಿ ಎಂಬ ಮೂರು ದೊಡ್ಡ ಏಜೆನ್ಸಿಗಳಿಂದ ಹೊರಟ ಆ ಎರಡು ವಾಕ್ಯಗಳು ಊರೂರಿನ ಪತ್ರಿಕೆಗಳಿಗೆ ಹೋಗಿ ಬೀಳುತ್ತವೆ. ಇಂದು ಪ್ರವಾಹ, ನಾಳೆ ಚುನಾವಣೆ, ಮೇಲಿನ ನೀರು ಹರಿದು ಹೋಗುತ್ತದೆ. ತಳದಲ್ಲಿ ನಿಲ್ಲುವ ಹೂಳೇ ದೇಶದ ಚಿತ್ರ.

ಇದನ್ನು ಮೊದಲು ಕ್ರಮವಾಗಿ ಲೆಕ್ಕ ಹಾಕಿದವರಲ್ಲಿ ನಾರ್ವೆಯ ಯೋಹಾನ್ ಗಾಲ್ಟುಂಗ್ ಮತ್ತು ಮಾರಿ ಹೋಲ್ಮ್‌ಬೋ ರುಗೆ ಮುಖ್ಯರು. ಕಾಂಗೊ, ಕ್ಯೂಬಾ, ಸೈಪ್ರಸ್ ಬಿಕ್ಕಟ್ಟುಗಳು ನಾರ್ವೆಯ ನಾಲ್ಕು ಪತ್ರಿಕೆಗಳಲ್ಲಿ ಹೇಗೆ ಬಂದವು ಎಂದು ನೋಡಿ 1965ರಲ್ಲಿ ಅವರು ಬರೆದ ಪ್ರಬಂಧವನ್ನು ಇಂದಿಗೂ ಪಾಠ ಮಾಡುತ್ತೇವೆ. ದೇಶ ದೂರದ್ದಾದಷ್ಟೂ, ಬಲವಿಲ್ಲದ್ದಾದಷ್ಟೂ, ಅದು ಸುದ್ದಿಯಾಗಬೇಕಾದರೆ ಕೆಡುಕು ಅಷ್ಟೇ ದೊಡ್ಡದಾಗಿರಬೇಕು ಎಂಬುದು ಅವರ ವಾದದ ಒಂದು ಎಳೆ. ದೆಹಲಿಯಲ್ಲಿ ಕೂತ ಒಬ್ಬ ವರದಿಗಾರ ಭಾರತದ ಜೊತೆಗೆ ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶಗಳನ್ನೂ ನೋಡಿಕೊಳ್ಳುವುದುಂಟು. ಅಂಥವನು ಹಾಸನಕ್ಕೆ ಬರಬೇಕೆಂದರೆ ಆನೆ ಯಾರನ್ನಾದರೂ ತುಳಿದಿರಬೇಕು.

ಹೊಗಳಲು ಹೊರಟಾಗಲೂ ಈ ಹೂಳು ಕಾಲಿಗೆ ತೊಡರುತ್ತದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವ್ಯಂಗ್ಯಚಿತ್ರ ಪ್ರಕಟಿಸಿತು. ಒಳಗೆ ಗಣ್ಯ ಬಾಹ್ಯಾಕಾಶ ಕ್ಲಬ್ಬಿನ ಸೂಟುಧಾರಿಗಳು ಪತ್ರಿಕೆ ಓದುತ್ತಾ ಕೂತಿದ್ದಾರೆ. ಹೊರಗೆ ಪೇಟ ಸುತ್ತಿದ ರೈತ ಹಸು ಹಿಡಿದುಕೊಂಡು ಬಾಗಿಲು ತಟ್ಟುತ್ತಿದ್ದಾನೆ. ದೂರುಗಳು ಹರಿದು ಬಂದ ಮೇಲೆ ಸಂಪಾದಕೀಯ ಪುಟದ ಮುಖ್ಯಸ್ಥ ಆಂಡ್ರೂ ರೋಸೆಂತಾಲ್ ಕ್ಷಮೆ ಕೇಳಿದರು. ಬಾಹ್ಯಾಕಾಶ ಈಗ ಶ್ರೀಮಂತ ಪಾಶ್ಚಾತ್ಯ ದೇಶಗಳ ಸ್ವತ್ತಲ್ಲ ಎಂದು ತೋರಿಸುವುದು ಚಿತ್ರದ ಉದ್ದೇಶವಾಗಿತ್ತು ಎಂದರು. ನಾನು ಅದನ್ನು ನಂಬುತ್ತೇನೆ. ಬರೆದವರೂ ಅಮೆರಿಕದವರಲ್ಲ, ಸಿಂಗಪುರದ ಹೆಂಗ್ ಕಿಮ್ ಸಾಂಗ್.

ಹಾಸನದವರಿಗೆ ಈ ಚಿತ್ರ ಇನ್ನೊಂದು ರೀತಿಯಲ್ಲಿ ಹತ್ತಿರದ್ದು. ನಮ್ಮ ಸಾಲಗಾಮೆ ರಸ್ತೆಯಲ್ಲೇ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಮಂಗಳಯಾನವನ್ನು ನಡೆಸಿದ್ದು ಬೆಂಗಳೂರಿನಿಂದ. ಇಲ್ಲಿರುವವರು ಭೂಸ್ಥಿರ ಕಕ್ಷೆಯ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು 1980ರ ದಶಕದಿಂದ ಹಗಲೂ ರಾತ್ರಿ ನೋಡಿಕೊಳ್ಳುತ್ತಿದ್ದಾರೆ. ಆ ದೊಡ್ಡ ಬಿಳಿ ಆಂಟೆನಾಗಳು ಕಾಣುವ ಬಯಲಿನಲ್ಲಿ ಸಂಜೆ ಹೊತ್ತು ದನ ಮೇಯುವುದನ್ನು ನಾನೇ ನೋಡಿದ್ದೇನೆ, ದನ ಕಾಯುವವರ ಮಗ ಒಳಗೆ ಕೆಲಸಕ್ಕಿದ್ದರೂ ಇಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಹಾಗಾಗಿ ಹಸು ನನ್ನನ್ನು ಚುಚ್ಚಲಿಲ್ಲ. ಚುಚ್ಚಿದ್ದು ಬಾಗಿಲು. ಹಸು ಇದ್ದವನು ಹೊರಗೇ ನಿಂತಿರಬೇಕು ಎಂದು ಚಿತ್ರ ಮೊದಲೇ ತೀರ್ಮಾನಿಸಿಬಿಟ್ಟಿತ್ತು.

ಹಾಗೆಂದು ವಿದೇಶಿ ಪತ್ರಿಕೆ ಬರೆದದ್ದೆಲ್ಲ ಅವಮಾನ, ಪಿತೂರಿ ಎಂದು ತಳ್ಳಿಹಾಕುವ ಚಾಳಿಯೂ ನನಗೆ ಒಗ್ಗುವುದಿಲ್ಲ. 1975ರಲ್ಲಿ ತುರ್ತು ಪರಿಸ್ಥಿತಿ ಬಂದು ನಮ್ಮ ಪತ್ರಿಕೆಗಳ ಪ್ರತಿ ಸೆನ್ಸಾರ್ ಅಧಿಕಾರಿಯ ಮೇಜಿನ ಮೇಲಿಂದ ಹಾದು ಬರತೊಡಗಿದಾಗ, ನಡೆದದ್ದನ್ನು ಬರೆಯುವ ಅವಕಾಶವಿದ್ದದ್ದು ಹೊರಗಿನವರಿಗೆ. ವಾಷಿಂಗ್ಟನ್ ಪೋಸ್ಟ್‌ನ ಲೂಯಿಸ್ ಸೈಮನ್ಸ್, ಬಿಬಿಸಿಯ ಮಾರ್ಕ್ ಟಲಿ ಮೊದಲಾದವರು ದೇಶ ಬಿಡಬೇಕಾಯಿತು. 1977ರ ಜನವರಿಯಲ್ಲಿ ಇಂದಿರಾ ಗಾಂಧಿ ಚುನಾವಣೆ ಘೋಷಿಸಲು ಹೊರಗೆ ಕೆಟ್ಟ ಹೆಸರೂ ಒಂದು ಕಾರಣ ಎನ್ನುವ ಇತಿಹಾಸಕಾರರಿದ್ದಾರೆ. ಅದು ಎಷ್ಟು ದೊಡ್ಡ ಕಾರಣ ಎಂಬುದರಲ್ಲಿ ಒಮ್ಮತವಿಲ್ಲ.

ಮರುವರ್ಷದ ಕಥೆ ನಮ್ಮ ನೆರೆಯದ್ದೇ. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರು ಕ್ಷೇತ್ರದಿಂದ 1978ರ ನವೆಂಬರ್‌ನಲ್ಲಿ ಇಂದಿರಾ ನಿಂತರು, ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಹೊರದೇಶಗಳ ಪತ್ರಿಕೆಗಳಲ್ಲಿ ಊರಿನ ಹೆಸರು ಅಚ್ಚಾಯಿತು. ಓದಿದವರಿಗೆ ಚಿಕ್ಕಮಗಳೂರು ಎಂದರೆ ಇಂದಿರಾ ಮರಳಿದ ಊರು. ಅವರು ಬೆಳಿಗ್ಗೆ ಕುಡಿದ ಕಾಫಿಯಲ್ಲಿ ಇದೇ ಬೆಟ್ಟದ ಬೀಜವೂ ಇದ್ದಿರಬಹುದು ಎಂಬುದಕ್ಕೆ ಆ ವರದಿಗಳಲ್ಲಿ ಜಾಗ ಎಲ್ಲಿ?

ಇನ್ನೊಂದು ಮಾತು. ಬೈಲೈನ್, ಅಂದರೆ ವರದಿ ಮಾಡಿದವರ ಹೆಸರು, ನೋಡದೆ ಸಿಟ್ಟಾಗಬೇಡಿ. 2021ರ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕೋವಿಡ್ ಚಿತೆಗಳ ಚಿತ್ರಗಳು ಜಗತ್ತಿನ ಮುಖಪುಟಗಳಲ್ಲಿ ಬಂದಾಗ ದೇಶದ ಮಾನ ಹರಾಜಾಯಿತು ಎಂದು ಕೂಗಿದವರು ಬಹಳ. ಆ ಸಾಲಿನ ರಾಯಿಟರ್ಸ್ ಚಿತ್ರಗಳಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ತೆಗೆದ ನಾಲ್ವರೂ, ಡ್ಯಾನಿಶ್ ಸಿದ್ದಿಕಿ ಸೇರಿದಂತೆ, ಭಾರತೀಯರೇ. ಬೈಲೈನಿನ ಜೊತೆಗೆ ಪುಟದ ನೆತ್ತಿಯನ್ನೂ ನೋಡಬೇಕು. ಚೀನಾದ ಸರ್ಕಾರಿ ಪತ್ರಿಕೆ ದುಡ್ಡು ಕೊಟ್ಟು ವಾಷಿಂಗ್ಟನ್ ಪೋಸ್ಟ್, ಲಂಡನ್ನಿನ ಡೈಲಿ ಟೆಲಿಗ್ರಾಫ್ ಒಳಗೆ 'ಚೈನಾ ವಾಚ್' ಎಂಬ ಪುರವಣಿ ಸೇರಿಸುತ್ತಿತ್ತು. ಜಾಹೀರಾತು ಎಂಬ ಸಣ್ಣಕ್ಷರ ಇರುತ್ತದೆ, ಓದುವವರು ಕಡಿಮೆ.

ಈಗ ನನ್ನ ಲೆಕ್ಕ. 2015ರಿಂದ ಡೆಸ್ಕ್ ಬಿಡುವವರೆಗೆ ಯೆಮೆನ್ ಸುದ್ದಿ ಬಂದಾಗಲೆಲ್ಲ 'ಯುದ್ಧಪೀಡಿತ ಯೆಮೆನ್' ಎಂದೇ ಟೈಪ್ ಮಾಡಿದೆ. ಬೆರಳಿಗೆ ಅಭ್ಯಾಸವಾಗಿತ್ತು. ಇಥಿಯೋಪಿಯಾಕ್ಕೆ ಬರಗಾಲ, ಸೊಮಾಲಿಯಾಕ್ಕೆ ಕಡಲ್ಗಳ್ಳರು, ಹೀಗೆ ಒಂದೊಂದು ದೇಶಕ್ಕೆ ಒಂದೊಂದು ಸಿದ್ಧ ವಿಶೇಷಣ. ಯೆಮೆನ್ ರಾಜಧಾನಿ ಸನಾದಲ್ಲಿ ಯಾರಾದರೂ ಕನ್ನಡ ಓದುತ್ತಿದ್ದರೆ, ನಮ್ಮ ಪುಟದಲ್ಲಿ ತಮ್ಮ ಮೊಬೈಲ್ ಎಲ್ಲಿ ಹೋಯಿತು ಎಂದು ಅವರೂ ಕೇಳಬಹುದಿತ್ತು.

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನ್‌ನ ಹೂತಿ ಬಂಡುಕೋರರ ದಾಳಿ ಶುರುವಾಯಿತು. ಯುರೋಪಿಗೆ ಹೋಗುವ ಸರಕು ಆಫ್ರಿಕಾದ ತುದಿ ಬಳಸಿ ಸಾಗಬೇಕಾಯಿತು, ಬಾಡಿಗೆ ಏರಿತು. ನಮ್ಮ ಕಾಫಿಯ ದೊಡ್ಡ ಗಿರಾಕಿಗಳಾದ ಇಟಲಿ, ಜರ್ಮನಿ ಇರುವುದು ಆ ದಾರಿಯ ಕೊನೆಯಲ್ಲೇ. ಆ ದಿನಗಳಲ್ಲಿ ಸಕಲೇಶಪುರದ ಅದೇ ಬೆಳೆಗಾರರ ಮನೆಯ ಜಗಲಿಯಲ್ಲಿ ಕೂತಿದ್ದೆ. ಕಣದಲ್ಲಿ ಕಾಫಿ ಹಣ್ಣು ಒಣಗುತ್ತಿತ್ತು. ಅವರು ಲೋಟ ಕೈಗಿಟ್ಟು ಕೇಳಿದರು: "ಬಾಬಾ ಬುಡನ್ ಏಳು ಬೀಜ ತಂದದ್ದು ಯೆಮೆನ್‌ನಿಂದ ಎನ್ನುತ್ತಾರಲ್ಲ ಮೇಷ್ಟ್ರೇ, ಅಲ್ಲಿ ಈಗಲೂ ಕಾಫಿ ಬೆಳೆಯುತ್ತಾರೆಯೇ?"

ಯೆಮೆನ್ ಸುದ್ದಿಯನ್ನು ವರ್ಷಗಟ್ಟಲೆ ಕನ್ನಡಕ್ಕೆ ತಂದಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಮನೆಗೆ ಬಂದು ಹುಡುಕಿದೆ. ಬೆಳೆಯುತ್ತಾರೆ. ಸನಾದ ಪಶ್ಚಿಮಕ್ಕೆ ಹರಾಜ್ ಬೆಟ್ಟಗಳಲ್ಲಿ, ಕಲ್ಲಿನ ಕಟ್ಟೆ ಕಟ್ಟಿದ ಮೆಟ್ಟಿಲು ಹೊಲಗಳಲ್ಲಿ. ಹಣ್ಣನ್ನು ಮನೆಯ ಮಾಳಿಗೆಯ ಮೇಲೆ ಒಣಗಿಸುತ್ತಾರೆ. ಚಿತ್ರಗಳನ್ನು ಅವರ ಮೊಬೈಲಿಗೆ ಕಳುಹಿಸಿದೆ. "ನಮ್ಮದಕ್ಕಿಂತ ಗಿಡ ಗಿಡ್ಡ" ಎಂದು ಉತ್ತರ ಬಂತು.