ಟಿಹುವಾನಾದಲ್ಲಿ ಊಟ ಅಗ್ಗ ಅಂತಾರಲ್ಲ, ನಮಗ್ಯಾಕೆ ಅಷ್ಟು ಬಿಲ್ ಬಂತು?

ಅಮೆರಿಕದ ಸ್ಯಾನ್ ಡಿಯಾಗೋ ಕಡೆ ಇರುವ ಕನ್ನಡದವರು ಗಡಿಯಾಚೆಯ ಮೆಕ್ಸಿಕೋ ಊರು ಟಿಹುವಾನಾ ಬಗ್ಗೆ ತಿರುಗಿಸಿ ಮುರುಗಿಸಿ ಕೇಳುವ ಪ್ರಶ್ನೆ ಇದು: "ಗಡಿ ದಾಟಿದರೆ ಅರ್ಧ ದುಡ್ಡಿಗೆ ಹೊಟ್ಟೆ ತುಂಬುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾವು ಮನೆಯವರೆಲ್ಲ ಹೋಗಿ ಬಂದೆವು. ಬಿಲ್ ನೋಡಿದರೆ ಇಲ್ಲಿಗಿಂತ ಏನೂ ಕಡಿಮೆ ಇರಲಿಲ್ಲ. ನಾವು ಎಲ್ಲಿ ಎಡವಿದೆವು? ಅದರಲ್ಲೂ ಇಬ್ಬರು ಸಸ್ಯಾಹಾರಿಗಳು, ಉಳಿದವರು ಬೀಫ್ ತಿನ್ನುವುದಿಲ್ಲ."

ನೀವು ಕೂತಿದ್ದು ಅವೆನಿಡಾ ರೆವೊಲುಸಿಯೊನ್‌ನಲ್ಲಿ ಅಂತ ನನ್ನ ಊಹೆ. ಕೈಗೆ ಬಂದಿದ್ದು ಇಂಗ್ಲಿಷ್ ಮೆನು, ಕೊಟ್ಟಿದ್ದು ಡಾಲರ್, ಹೋಗಿದ್ದು ಶನಿವಾರ ಸಂಜೆ. ಸರಿ ತಾನೆ? ಹಾಗಿದ್ದರೆ ಬಿಲ್ ಜಾಸ್ತಿ ಬಂದದ್ದರಲ್ಲಿ ವಿಶೇಷವೇನಿಲ್ಲ. ಆ ರಸ್ತೆ ಬೆಳೆದದ್ದೇ ಗಡಿ ದಾಟಿ ಬರುವವರಿಗಾಗಿ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಮದ್ಯ ನಿಷೇಧ ಇತ್ತು. ಕುಡಿಯೋಕೆ, ಕುಣಿಯೋಕೆ, ಜೂಜಾಡೋಕೆ ಕ್ಯಾಲಿಫೋರ್ನಿಯಾದ ಜನ ಇಲ್ಲಿಗೆ ಬರುತ್ತಿದ್ದರು. ಸೀಸರ್ ಸಲಾಡ್ ಹುಟ್ಟಿದ್ದೂ ಆ ಕಾಲದಲ್ಲೇ. ಇಟಲಿಯಿಂದ ಬಂದ ಸೀಸರ್ ಕಾರ್ದಿನಿ ಎಂಬುವನ ಹೋಟೆಲ್‌ನಲ್ಲಿ, 1924ರಲ್ಲಿ ಅಂತ ಹೇಳುತ್ತಾರೆ. 'ಸೀಸರ್ಸ್' ಹೋಟೆಲ್ ಇವತ್ತಿಗೂ ಅದೇ ರಸ್ತೆಯಲ್ಲಿದೆ. ಗಾಡಿ ತಳ್ಳಿಕೊಂಡು ಬಂದು ನಿಮ್ಮ ಟೇಬಲ್ ಮುಂದೆಯೇ ಸಲಾಡ್ ಕಲಸಿ ಕೊಡುತ್ತಾರೆ. ನೋಡೋಕೆ ಚೆನ್ನಾಗಿದೆ, ಒಮ್ಮೆ ಹೋಗಿ. ಆದರೆ ಅದನ್ನು ಅಗ್ಗದ ಊಟ ಅಂದುಕೊಂಡು ಹೋಗಬೇಡಿ. ಸಲಾಡ್ ಅಂತ ಸಸ್ಯಾಹಾರಿಗಳು ಕೈ ಹಾಕುವುದೂ ಬೇಡ, ಅದರಲ್ಲಿ ಆಂಚೊವಿ ಮೀನು, ಮೊಟ್ಟೆ ಎರಡೂ ಇರುತ್ತವೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟಿಹುವಾನಾ ಮೆಕ್ಸಿಕೋದ ಅಗ್ಗದ ಊರುಗಳ ಪೈಕಿ ಅಲ್ಲವೇ ಅಲ್ಲ. ಗಡಿ ಪಟ್ಟಿಗೆ 2019ರಿಂದ ಬೇರೆಯೇ ಕನಿಷ್ಠ ಕೂಲಿ ಇದೆ. 2025ರಲ್ಲಿ ದೇಶದ ಬೇರೆ ಕಡೆ ದಿನಕ್ಕೆ 278.80 ಪೆಸೊ ಇದ್ದರೆ ಗಡಿಯಲ್ಲಿ 419.88. ಗಡಿಯಾಚೆ ಕೆಲಸ ಮಾಡಿ ಡಾಲರ್ ಸಂಬಳ ತಂದು ಇಲ್ಲಿ ಮನೆ ಮಾಡಿಕೊಂಡವರೂ ಬೇಕಾದಷ್ಟು ಜನ. ಬಾಡಿಗೆ ಏರಿದೆ, ಟಾಕೊ (ಸಣ್ಣ ತೆಳು ರೊಟ್ಟಿಯಲ್ಲಿ ಮಾಂಸವೋ ಮೀನೋ ಇಟ್ಟು ಮಡಚಿದ್ದು) ರೇಟೂ ಏರಿದೆ. ಹಳೇ ವಿಡಿಯೋಗಳಲ್ಲಿ ತೋರಿಸುವ ಒಂದು ಡಾಲರ್ ಟಾಕೊ ಹುಡುಕಿಕೊಂಡು ಹೋದರೆ ನಿರಾಶೆ ಖಂಡಿತ. ಈಗ ಒಳ್ಳೆಯ ಕಡೆ ಒಂದು ಟಾಕೊಗೆ ಸುಮಾರು 30ರಿಂದ 50 ಪೆಸೊ ಅಂದುಕೊಳ್ಳಿ. ಡಾಲರ್ ಬೆಲೆ ಈಚಿನ ವರ್ಷಗಳಲ್ಲಿ 16ರಿಂದ 21 ಪೆಸೊ ನಡುವೆ ಓಡಾಡಿದೆ. 18 ಅಂತ ಹಿಡಿದರೆ ಒಂದು ಟಾಕೊ ಸುಮಾರು 1.70ರಿಂದ 2.80 ಡಾಲರ್ ಒಳಗೆ ಬಂತು.

ಹಾಗಾದರೆ ಉಳಿತಾಯ ಎಲ್ಲಿದೆ? ಆ ಊರಿನವರು ಯಾವ ಹೊತ್ತಿಗೆ ಏನು ತಿನ್ನುತ್ತಾರೋ ಆ ಹೊತ್ತಿಗೆ ಅದನ್ನೇ ತಿನ್ನುವುದರಲ್ಲಿದೆ. ನಾವು ಮಾಡುವುದು ಇದರ ಉಲ್ಟಾ. ಮಧ್ಯಾಹ್ನ ಹನ್ನೆರಡಕ್ಕೆ ಟಾಕೊ ಕೇಳುತ್ತೇವೆ, ರಾತ್ರಿ ಎಂಟಕ್ಕೆ ಫುಲ್ ಊಟ ಹುಡುಕುತ್ತೇವೆ. ಎರಡೂ ಸಿಗುತ್ತವೆ, ಆದರೆ ದುಬಾರಿ ಜಾಗದಲ್ಲಿ.

ಮೆಕ್ಸಿಕೋದಲ್ಲಿ ದಿನದ ದೊಡ್ಡ ಊಟ ಮಧ್ಯಾಹ್ನದ್ದು, ಅದೂ ತಡವಾಗಿ. ಒಂದು ಗಂಟೆಯಿಂದ ನಾಲ್ಕರವರೆಗೆ ಸಣ್ಣ ಹೋಟೆಲ್‌ಗಳ ಮುಂದೆ ಕೈಬರಹದ ಬೋರ್ಡ್ ಬೀಳುತ್ತದೆ: 'ಕೊಮಿದಾ ಕೊರಿದಾ'. ಇಂಥ ಹೋಟೆಲ್‌ಗೆ ಫೊಂದಾ ಅಂತಲೋ ಕೊಸಿನಾ ಎಕೊನೊಮಿಕಾ ಅಂತಲೋ ಹೆಸರು. ಹೆಚ್ಚುಕಮ್ಮಿ ನಮ್ಮ ಮೆಸ್ ಊಟವೇ, ರೇಟು ಒಂದೇ, ಕ್ರಮವಾಗಿ ಬರುತ್ತದೆ. ಮೊದಲು ಸೂಪ್. ಬಹಳ ಸಲ ಅದು ಸೋಪಾ ದೆ ಫಿದೇಯೊ, ಎಣ್ಣೆಯಲ್ಲಿ ಹುರಿದ ಸಣ್ಣ ಶ್ಯಾವಿಗೆಯನ್ನು ಟೊಮೆಟೊ ಸಾರಿನಲ್ಲಿ ಬೇಯಿಸಿದ್ದು. ಆಮೇಲೆ ಕೆಂಪು ಅನ್ನ. ಆಮೇಲೆ ಆ ದಿನದ ಮೂರು ನಾಲ್ಕು ಗಿಸಾದೊಗಳಲ್ಲಿ ನೀವು ಆರಿಸಿದ್ದು, ಅಂದರೆ ಪಲ್ಯ, ಗೊಜ್ಜಿನ ಥರದ ಮುಖ್ಯ ಐಟಂ. ಪಕ್ಕದಲ್ಲಿ ಅರೆದ ಬೀನ್ಸ್. ಬಟ್ಟೆಯಲ್ಲಿ ಸುತ್ತಿದ ಬಿಸಿ ಟೋರ್ಟಿಯಾ, ಅಂದರೆ ಅಲ್ಲಿಯ ತೆಳು ರೊಟ್ಟಿ, ಬುಟ್ಟಿಯಲ್ಲಿ ಬರುತ್ತದೆ, ಮುಗಿದರೆ ಸಾಮಾನ್ಯವಾಗಿ ಇನ್ನಷ್ಟು ತಂದುಕೊಡುತ್ತಾರೆ. ಕುಡಿಯೋಕೆ ಆಗ್ವಾ ಫ್ರೆಸ್ಕಾ, ಹುಣಸೆಹಣ್ಣಿನದೋ, ಅಕ್ಕಿ-ಚಕ್ಕೆಯ ಒರ್ಚಾತಾವೋ, ಹಮಾಯ್ಕಾ ಅನ್ನುವ ಕಡುಗೆಂಪು ಶರಬತ್ತೋ. ಈ ಹಮಾಯ್ಕಾ ನಮ್ಮ ಪುಂಡಿ ಸೊಪ್ಪಿನ ಜಾತಿಯದೇ ಗಿಡದ ಹೂವಿನದು, ಆ ಹುಳಿ ಬಾಯಿಗೆ ಬಿದ್ದ ಕೂಡಲೇ ಉತ್ತರ ಕರ್ನಾಟಕದವರಿಗೆ ಗೊತ್ತಾಗಿಬಿಡುತ್ತದೆ. ಇಷ್ಟೆಲ್ಲ ಸೇರಿ ಸುಮಾರು 100ರಿಂದ 160 ಪೆಸೊ. ನಾಲ್ಕು ಗಂಟೆ ದಾಟಿದರೆ ಪಾತ್ರೆ ಖಾಲಿ, ಬೋರ್ಡ್ ಒಳಗೆ ಹೋಗುತ್ತದೆ.

ಇದನ್ನು ಹುಡುಕೋಕೆ ದೂರ ಹೋಗಬೇಕಾಗಿಲ್ಲ. ರೆವೊಲುಸಿಯೊನ್‌ನಿಂದ ಪಶ್ಚಿಮಕ್ಕೆ ಒಂದು ರಸ್ತೆ ದಾಟಿದರೆ ಕೊನ್‌ಸ್ಟಿತುಸಿಯೊನ್, ಇನ್ನೊಂದು ದಾಟಿದರೆ ನಿನ್ಯೋಸ್ ಎರೋಯೆಸ್. ಚಪ್ಪಲಿ ಅಂಗಡಿ, ಔಷಧಿ ಅಂಗಡಿ, ಬಸ್ಸಿಗೆ ಕಾಯುವ ಜನ. ಅಲ್ಲಿಂದ ಮೆನು ಸ್ಪ್ಯಾನಿಷ್‌ಗೆ ತಿರುಗುತ್ತದೆ, ರೇಟು ಪೆಸೊಗೆ ತಿರುಗುತ್ತದೆ. ಉತ್ತರಕ್ಕೆ ಮಾತ್ರ ಹೋಗಬೇಡಿ. ಕಾಯೆ ಪ್ರಿಮೇರಾ, ಅಂದರೆ ಒಂದನೇ ಅಡ್ಡರಸ್ತೆ ದಾಟಿದರೆ ಸೋನಾ ನೋರ್ತೆ, ಊರಿನ ಕೆಂಪುದೀಪದ ಪ್ರದೇಶ. ಮನೆಯವರ ಜೊತೆ ಇದ್ದಾಗ, ಅದರಲ್ಲೂ ಕತ್ತಲಾದ ಮೇಲೆ, ಅತ್ತ ಕೆಲಸವಿಲ್ಲ. ಆಫೀಸುಗಳಿರುವ ಸೋನಾ ರಿಯೋ ಕಡೆ ಹೋದರೆ ಮೆರ್ಕಾದೊ ಹಿದಾಲ್ಗೊ ಇದೆ. ಒಣಮೆಣಸಿನಕಾಯಿ, ಬೀನ್ಸ್, ಚೀಸ್, ಹುಣಸೆ ಮಿಠಾಯಿ, ತೂಗುಹಾಕಿದ ಬಣ್ಣದ ಪಿನ್ಯಾತಾ, ಅಂದರೆ ಮಿಠಾಯಿ ತುಂಬುವ ಕಾಗದದ ಬೊಂಬೆ. ಅಂಗಡಿಗಳ ನಡುವೆಯೇ ಊಟದ ಜಾಗಗಳಿವೆ. ಸುಮ್ನೆ ತಿರುಗಾಡೋಕೂ ನನಗೆ ರೆವೊಲುಸಿಯೊನ್‌ಗಿಂತ ಇದೇ ಇಷ್ಟ. ಸಮಯ ಇದ್ದವರು 'ಸೊಬ್ರೆ ರುಯೇದಾಸ್' ಎಲ್ಲಿದೆ ಅಂತ ಕೇಳಿ. ಬಡಾವಣೆಗೊಂದು ದಿನದಂತೆ ಕೂಡುವ ವಾರದ ಸಂತೆ ಅದು, ತಿಂಡಿ ಅಲ್ಲಿ ಇನ್ನೂ ಅಗ್ಗ.

ಟಾಕೊ ರಾತ್ರಿಯ ವಿಷಯ. ಸಂಜೆ ಮೇಲೆ ಹೊಗೆ ಏಳುವ, ಜನ ನಿಂತುಕೊಂಡೇ ತಿನ್ನುತ್ತಿರುವ ಅಂಗಡಿ ನೋಡಿ. ಟಾಕೊ ಮಾಡುವವನ ಮುಂದೆ ದಪ್ಪ ಮರದ ದಿಮ್ಮಿ ಇರುತ್ತದೆ, ಅದರ ಮೇಲೆ ಮಾಂಸ ಕೊಚ್ಚುವ ಕತ್ತಿಯ ಸದ್ದು ನಿಲ್ಲುವುದೇ ಇಲ್ಲ. ಪಕ್ಕದಲ್ಲಿ ಒಬ್ಬಾಕೆ ಹಿಟ್ಟು ಒತ್ತಿ ಕಾವಲಿ ಮೇಲೆ ಹಾಕುತ್ತಿರುತ್ತಾಳೆ. 'ಕೊನ್ ತೊದೊ' ಅಂದರೆ ಎಲ್ಲ ಹಾಕಿ ಅಂತ. ಈರುಳ್ಳಿ, ಕೊತ್ತಂಬರಿ, ಸಾಲ್ಸಾ, ಅವಕಾಡೊ ಅರೆದ ಗ್ವಾಕಮೋಲೆ ಒಂದು ಸೌಟು ಬೀಳುತ್ತದೆ, ಒಂದು ತುಂಡು ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಾರೆ. ಗ್ವಾಕಮೋಲೆಗೆ ಬೇರೆ ದುಡ್ಡಿಲ್ಲ, ಟಿಹುವಾನಾ ಟಾಕೊ ಅಂದರೆ ಅದಿರಲೇಬೇಕು. ಮೂಲಂಗಿ, ಸೌತೆಕಾಯಿ, ಸುಟ್ಟ ಈರುಳ್ಳಿ, ಹುರಿದ ಮೆಣಸಿನಕಾಯಿ, ನಿಂಬೆ ಬಹಳ ಕಡೆ ಪುಕ್ಕಟೆ. ಅನೇಕ ಅಂಗಡಿಗಳಲ್ಲಿ ದುಡ್ಡು ಕೊಡುವುದು ತಿಂದಾದ ಮೇಲೆ. ಗಲ್ಲಾದವರು 'ಕ್ವಾಂತೊಸ್ ಫ್ವೆರೊನ್?', ಎಷ್ಟು ತಿಂದಿರಿ ಅಂತ ನಿಮ್ಮನ್ನೇ ಕೇಳುತ್ತಾರೆ, ನೀವು ಹೇಳಿದ್ದೇ ಲೆಕ್ಕ. ಮಾಂಸ ಮುಟ್ಟುವವರು ದುಡ್ಡು ಮುಟ್ಟದಿರುವ ಅಂಗಡಿಯಾದರೆ ಇನ್ನೂ ಒಳ್ಳೆಯದು. ಒಳ್ಳೆಯ ಹೋಟೆಲ್‌ಗಳನ್ನು ಆರಿಸಿ ಹೇಳುವ ಮಿಶೆಲಿನ್ ಗೈಡ್‌ನಲ್ಲಿ ಹೆಸರು ಬಂದಿರುವ 'ಟಾಕೊಸ್ ಎಲ್ ಫ್ರಾಂಕ್' ಕೂಡ ಇದೇ ಥರದ ಜಾಗ, ಹೆಸರು ಬಂದಮೇಲೆ ಸಾಲು ಉದ್ದ. ನನ್ನ ಕೇಳಿದರೆ ಅಲ್ಲಿ ಒಂದು ಗಂಟೆ ಕಾಯುವ ಬದಲು ಹತ್ತಿರದಲ್ಲೇ ರಶ್ ಇರುವ ಬೇರೆ ಅಂಗಡಿ ಹಿಡಿಯುವುದು ವಾಸಿ.

ಬೀಫ್ ಬೇಡದವರು ಇಲ್ಲಿ ಸ್ವಲ್ಪ ಎಚ್ಚರ. ಕಾರ್ನೆ ಅಸಾದಾ ಅಂದರೆ ಬೀಫ್. ಬಿರಿಯಾ ಮೂಲದಲ್ಲಿ ಹಲಿಸ್ಕೊ ಕಡೆಯ ಮೇಕೆ ಮಾಂಸದ ಅಡುಗೆ, ಆದರೆ ಟಿಹುವಾನಾದಲ್ಲಿ ಅದೂ ಬಹುತೇಕ ಬೀಫೇ. ಸ್ವಾದೆರೊ, ಲೆಂಗ್ವಾ, ಕಬೇಸಾ ಎಲ್ಲ ಅದೇ. ಕೆಂಪು ಮಸಾಲೆ ಹಚ್ಚಿ ಕಂಬಿಯಲ್ಲಿ ತಿರುಗಿಸುವ ಅದೊಬಾದಾ ಹಂದಿ. ಕೋಳಿ ಬೇಕಾದರೆ 'ಪೊಯೊ' ಅಂತ ಹುಡುಕಿ, ಎಲ್ಲ ಟಾಕೊ ಅಂಗಡಿಯಲ್ಲೂ ಸಿಗುವುದಿಲ್ಲ. ಇವರಿಗೆಲ್ಲ ಸುಲಭದ ದಾರಿ ಮೀನಿನ ಟಾಕೊ. ಹಿಟ್ಟಲ್ಲಿ ಅದ್ದಿ ಕರಿದ ಮೀನು, ಮೇಲೆ ಕೋಸು, ಬಿಳಿ ಸಾಸ್. ಈ ಕಡಲ ತೀರದ ತಿಂಡಿ, ಸಾಮಾನ್ಯವಾಗಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಸಿಗುತ್ತದೆ.

ಸಸ್ಯಾಹಾರಿಗಳ ಕಷ್ಟ ಬೇರೆ ಥರದ್ದು. ಮಾಂಸ ಕಣ್ಣಿಗೆ ಕಂಡರೆ ಬೇಡ ಅನ್ನಬಹುದು, ಕಾಣದೇ ಇರುವುದೇ ಜಾಸ್ತಿ. ಆ ಕೆಂಪು ಅನ್ನ ಬೆಂದಿರುವುದು ಬಹಳ ಸಲ ಕೋಳಿ ಸಾರಿನಲ್ಲಿ. ಶ್ಯಾವಿಗೆ ಸೂಪಿನದೂ ಅದೇ ಕಥೆ. ಬೀನ್ಸ್ ಅರೆದು ಹುರಿಯುವುದು ಮಂತೇಕಾದಲ್ಲಿ, ಅಂದರೆ ಹಂದಿ ಕೊಬ್ಬಿನಲ್ಲಿ. ತಮಾಲೆಯ, ಅಂದರೆ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸುವ ಕಡುಬಿನ, ಹಿಟ್ಟಿಗೂ ಅದನ್ನೇ ಕಲಸುತ್ತಾರೆ, ಗೋಧಿ ಟೋರ್ಟಿಯಾಗೂ ಅನೇಕ ಕಡೆ ಹಾಕುತ್ತಾರೆ. ಮೆಕ್ಕೆಜೋಳದ ಟೋರ್ಟಿಯಾ ಮಾತ್ರ ಮೆಕ್ಕೆಜೋಳ, ಸುಣ್ಣ, ನೀರು ಅಷ್ಟೇ. 'ಮಯೀಸ್' ಅಂತ ಕೇಳಿ ತಗೊಳ್ಳಿ. 'ಸಿನ್ ಕಾರ್ನೆ', ಮಾಂಸ ಬೇಡ, ಅಂದರೆ ಸಾಕು ಅಂದುಕೊಳ್ಳಬೇಡಿ, ಕೆಲವರಿಗೆ ಕೋಳಿ ಕಾರ್ನೆ ಲೆಕ್ಕಕ್ಕೆ ಬರುವುದೇ ಇಲ್ಲ. ನೇರವಾಗಿ ಎರಡು ಪ್ರಶ್ನೆ ಕೇಳಿ: 'ತ್ಯೇನೆ ಮಂತೇಕಾ?', 'ತ್ಯೇನೆ ಕಾಲ್ದೊ ದೆ ಪೊಯೊ?' ಹಂದಿ ಕೊಬ್ಬಿದೆಯಾ, ಕೋಳಿ ಸಾರಿದೆಯಾ ಅಂತ. ಉತ್ತರ ನೇರವಾಗಿಯೇ ಸಿಗುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಷ್ಟು ಕಳೆದ ಮೇಲೂ ಉಳಿಯುವುದು ಕಡಿಮೆಯೇನಲ್ಲ. ನೊಪಾಲೆಸ್, ಅಂದರೆ ಪಾಪಾಸುಕಳ್ಳಿಯ ಎಳೇ ಎಲೆ, ಮುಳ್ಳು ತೆಗೆದು ಹೆಚ್ಚಿ ಬೇಯಿಸಿದ್ದು, ಬೆಂಡೆಕಾಯಿಯಂತೆ ಸ್ವಲ್ಪ ಲೋಳೆ. ರಾಹಾಸ್ ಕೊನ್ ಕೇಸೊ, ಸುಟ್ಟು ಸಿಪ್ಪೆ ಸುಲಿದ ಮೆಣಸಿನಕಾಯಿ ಸೀಳಿ ಚೀಸ್ ಜೊತೆ ಬೇಯಿಸಿದ್ದು. ಟೊಮೆಟೊ ಸಾಸಿನಲ್ಲಿ ಬರುವ ಚಿಲೆ ರೆಯೇನೊ, ಚೀಸ್ ತುಂಬಿದ ದಪ್ಪ ಮೆಣಸಿನಕಾಯಿ, ಆದರೆ ಹೊರಗಿನ ಲೇಪ ಮೊಟ್ಟೆಯದು. ಕರಿದ ಆಲೂ ಟಾಕೊ. ಟೋರ್ಟಿಯಾದಲ್ಲಿ ಬರೀ ಚೀಸ್ ಹಾಕಿ ಮಡಚಿದ ಕೇಸದಿಯಾ. ರಸ್ತೆ ಗಾಡಿಯಲ್ಲಿ ಎಲೋತೆ, ಮೆಕ್ಕೆಜೋಳದ ತೆನೆಗೆ ನಿಂಬೆ, ಖಾರ, ಚೀಸ್. ಮಾವು, ಸೌತೆ, ಹಿಕಮಾ ಅನ್ನುವ ಗೆಡ್ಡೆ, ಕಲ್ಲಂಗಡಿ ಹೆಚ್ಚಿ ಕಪ್ಪಿಗೆ ತುಂಬಿ ಉಪ್ಪು, ಖಾರ, ನಿಂಬೆ ಹಾಕಿಕೊಡುವ ಹಣ್ಣಿನ ಗಾಡಿ ಪ್ರತಿ ಮೂಲೆಯಲ್ಲಿದೆ. ಈ ಊರಲ್ಲೇ ಹುಟ್ಟಿದ ತೊಸ್ತಿಲೋಕೋಸ್ ಮಾತ್ರ ನೋಡಿ ತಗೊಳ್ಳಿ. ಚಿಪ್ಸ್ ಪೊಟ್ಟಣವನ್ನೇ ಸೀಳಿ ಸೌತೆ, ಕಡಲೆಬೀಜ, ಹುಳಿ ಸಾಸ್ ಸುರಿಯುತ್ತಾರೆ, ಜೊತೆಗೆ ಉಪ್ಪಿನಕಾಯಿ ಹಾಕಿದ ಹಂದಿ ಚರ್ಮದ ಚೂರೂ ಬೀಳುತ್ತದೆ. 'ಸಿನ್ ಕ್ವೆರಿತೊಸ್' ಅಂದರೆ ಅದನ್ನು ಬಿಟ್ಟು ಕೊಡುತ್ತಾರೆ.

ಇನ್ನು ದುಡ್ಡು. ಟಿಹುವಾನಾದಲ್ಲಿ ಬಹಳ ಕಡೆ ಡಾಲರ್ ತಗೊಳ್ಳುತ್ತಾರೆ, ಆದರೆ ರೇಟು ಅವರದ್ದು. 360 ಪೆಸೊ ಬಿಲ್ ಆಯಿತು ಅಂದುಕೊಳ್ಳಿ. ಬ್ಯಾಂಕ್ ರೇಟು 18 ಇದ್ದರೆ 20 ಡಾಲರ್. ಅಂಗಡಿಯವರು ಡಾಲರನ್ನು 16ಕ್ಕೆ ಹಿಡಿದರೆ 22.50. ಚಿಲ್ಲರೆಯಲ್ಲಿ ಇನ್ನೊಂದಿಷ್ಟು ಹೋಗುತ್ತದೆ. ಹಾಗಾಗಿ ಬ್ಯಾಂಕಿನ ಎಟಿಎಂನಲ್ಲಿ ಪೆಸೊ ತೆಗೆಯಿರಿ. ಯಂತ್ರ ತಾನೇ ಡಾಲರ್‌ಗೆ ಪರಿವರ್ತನೆ ಮಾಡಿಕೊಡಲಾ ಅಂತ ಕೇಳಿದರೆ ಬೇಡ ಅನ್ನಿ, ನಿಮ್ಮ ಬ್ಯಾಂಕಿನ ರೇಟೇ ಸಾಮಾನ್ಯವಾಗಿ ಮೇಲು. ಹೋಟೆಲ್‌ನಲ್ಲಿ ಕಾರ್ಡ್ ಉಜ್ಜುವಾಗಲೂ ಅಷ್ಟೇ, ಪೆಸೊದಲ್ಲೇ ಹಾಕಿಸಿ. ಮೆನುವಿನ ರೇಟಲ್ಲಿ ತೆರಿಗೆ ಸೇರಿರುತ್ತದೆ. ಮೆಕ್ಸಿಕೋದಲ್ಲಿ ಅದು 16%, ಗಡಿ ಪಟ್ಟಿಯಲ್ಲಿ 2019ರಿಂದ 8%. ಕೂತು ತಿನ್ನುವ ಕಡೆ 10ರಿಂದ 15% ಟಿಪ್ ವಾಡಿಕೆ. ಟೂರಿಸ್ಟ್ ಜಾಗಗಳಲ್ಲಿ ಕೆಲವೊಮ್ಮೆ ಅದನ್ನು ಬಿಲ್ಲಿಗೇ ಸೇರಿಸಿರುತ್ತಾರೆ, 'ಪ್ರೊಪಿನಾ' ಅನ್ನುವ ಸಾಲು ಇದೆಯಾ ನೋಡಿ ಆಮೇಲೆ ಕೊಡಿ. ಎರಡು ಸಲ ಟಿಪ್ ಕೊಟ್ಟು ಬರುವವರು ಬಹಳ. ಸ್ಯಾನ್ ಡಿಯಾಗೋದಲ್ಲಿ 15 ಡಾಲರ್ ಪ್ಲೇಟಿಗೆ 7.75% ತೆರಿಗೆ, 18% ಟಿಪ್ ಸೇರಿದರೆ ಹತ್ತತ್ತಿರ 19 ಆಗುತ್ತದೆ ಅಲ್ವಾ? ಗಡಿಯಾಚೆ ಅಷ್ಟರಲ್ಲಿ ಇಬ್ಬರ ಕೊಮಿದಾ ಕೊರಿದಾ ಮುಗಿದು ಇನ್ನೂ ಸ್ವಲ್ಪ ಮಿಗುತ್ತದೆ.

ನೀರಿನ ಬಗ್ಗೆ ಭಯ ಜಾಸ್ತಿ ಬೇಡ, ಎಚ್ಚರ ಸಾಕು. ನಲ್ಲಿ ನೀರನ್ನು ಆ ಊರಿನವರೂ ಕುಡಿಯುವುದಿಲ್ಲ, ಮನೆ, ಹೋಟೆಲ್ ಎಲ್ಲ ಕಡೆ 20 ಲೀಟರ್ ಕ್ಯಾನ್. ಹೊಟ್ಟೆ ನಾಜೂಕಿದ್ದವರು ರಸ್ತೆ ಬದಿಯಲ್ಲಿ ತೆರೆದಿಟ್ಟ ಸಾಲ್ಸಾ ಬಿಟ್ಟುಬಿಡಿ.

ಊಟದಲ್ಲಿ ಉಳಿಸಿದ್ದನ್ನು ಓಡಾಟದಲ್ಲಿ ಕಳೆಯುವವರೂ ಇದ್ದಾರೆ. ಕಾರು ಒಯ್ದರೆ ಮೆಕ್ಸಿಕೋದ ಇನ್ಶೂರೆನ್ಸ್ ಬೇರೆ ಮಾಡಿಸಬೇಕು, ಬರುವಾಗ ಗಂಟೆಗಟ್ಟಲೆ ಸಾಲು. ಸ್ಯಾನ್ ಡಿಯಾಗೋದ ಟ್ರಾಲಿ ರೈಲಿನ ಬ್ಲೂ ಲೈನ್ ಹಿಡಿದು ಸ್ಯಾನ್ ಇಸಿಡ್ರೊದಲ್ಲಿ ಇಳಿಯಿರಿ, ಅದೇ ಕೊನೇ ಸ್ಟಾಪ್, ಗಡಿ ಪಕ್ಕದಲ್ಲೇ. ನಡೆದು ದಾಟಿದರೆ ಸೆಂಟ್ರೊ, ಅಂದರೆ ಊರಿನ ಪೇಟೆ, ಅರ್ಧ ಗಂಟೆ ಒಳಗಿನ ದಾರಿ. ಭಾರತದ ಪಾಸ್‌ಪೋರ್ಟ್ ಇದ್ದರೂ ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಪಾಸ್‌ಪೋರ್ಟಿನಲ್ಲಿರುವ ಅಮೆರಿಕ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿದೆಯಾ ಅಂತ ಮನೆ ಬಿಡುವ ಮುಂಚೆ ನೋಡಿಕೊಳ್ಳಿ. ವಾರದ ದಿನ ಹೋಗಿ ಕೊಮಿದಾ ಮುಗಿಸಿ ಹೊರಡುವುದು ಒಳ್ಳೆಯದು, ಭಾನುವಾರ ಸಂಜೆ ವಾಪಸ್ ಬರುವ ಪಾದಚಾರಿ ಸಾಲು ನೋಡಿದರೆ ತಿಂದಿದ್ದೆಲ್ಲ ಅಲ್ಲೇ ಅರಗುತ್ತದೆ. ಬರುವಾಗ ಕೈಯಲ್ಲಿ ತಿನ್ನುವ ಪದಾರ್ಥ ಏನಿದ್ದರೂ ಅಧಿಕಾರಿಗೆ ಹೇಳಿಬಿಡಿ. ಬೇಕರಿ ಬ್ರೆಡ್ಡು, ಟೋರ್ಟಿಯಾ, ಮಿಠಾಯಿಗೆ ತಕರಾರಿಲ್ಲ. ಹಸಿ ಹಣ್ಣು, ಹಂದಿ ಮಾಂಸದ ಐಟಂ ಹೇಳದೆ ತಂದು ಸಿಕ್ಕಿಬಿದ್ದರೆ ದಂಡ ಬೀಳಬಹುದು. ಮಾವಿನ ಕಪ್ ಉಳಿದಿದ್ದರೆ ಸಾಲಲ್ಲಿ ನಿಂತೇ ತಿಂದು ಮುಗಿಸಿ.