ದೂರದಿಂದ ಹಾರಾಟದ ಅವಧಿಗೆ: ಟಿಪ್ಪಣಿ, ಮುಖ್ಯವಾಗಿ ಗಡಿಯಾರದ ಬಗ್ಗೆ

ಎರಡು ಊರುಗಳ ನಡುವಿನ ದೂರಕ್ಕೆ ಒಂದೇ ಸೂತ್ರ ಸಾಕು. ಎರಡೂ ಊರುಗಳ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿಟ್ಟುಕೊಳ್ಳಿ. ಅವೇ ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡನ್ನೂ ಕೂಡಿಸಿದರೆ, ಭೂಮಿಯ ಕೇಂದ್ರದಲ್ಲಿ ಆ ಊರುಗಳ ನಡುವೆ ಆಗುವ ಕೋನದ ಕೊಸೈನ್ ಸಿಗುತ್ತದೆ. ಆ ಕೋನದ ಪ್ರತಿ ಡಿಗ್ರಿಗೆ 111.2 ಕಿ.ಮೀ.

ಲಂಡನ್ 51.5 ಉತ್ತರ, 0.1 ಪಶ್ಚಿಮ, ನ್ಯೂಯಾರ್ಕ್ 40.7 ಉತ್ತರ, 74.0 ಪಶ್ಚಿಮ. ಮೊದಲ ಗುಣಲಬ್ಧ 0.5103, ಎರಡನೆಯದು 0.1309, ಮೊತ್ತ 0.6412. ಕೋನ 50.12 ಡಿಗ್ರಿ, ದೂರ ಸುಮಾರು 5,573 ಕಿ.ಮೀ. ಉತ್ತರ ಅಸಂಬದ್ಧವಾಗಿ ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದೆಯೇ (ಕೋನದ ಇನ್ನೊಂದು ಅಳತೆ) ನೋಡಿ. (ವಿಮಾನ 10 ಕಿ.ಮೀ. ಎತ್ತರದಲ್ಲಿ ಹಾರುವುದರಿಂದ ದೂರ ಹೆಚ್ಚುವುದಿಲ್ಲವೇ? ಹೆಚ್ಚುತ್ತದೆ, ಬರೀ 9 ಕಿ.ಮೀ.ಯಷ್ಟು. ಮರೆತುಬಿಡಿ.)

ಗಂಟೆಗೆ 900 ಕಿ.ಮೀ. ವೇಗದಲ್ಲಿ ಇದಕ್ಕೆ 6 ಗಂಟೆ 12 ನಿಮಿಷ. ರನ್‌ವೇವರೆಗಿನ ಓಡಾಟ, ನಿಧಾನವಾದ ಏರಿಕೆ–ಇಳಿಕೆಗೆ ಅಂದಾಜು 40 ನಿಮಿಷ ಸೇರಿಸಿ. ಆ 40 ನಿಮಿಷ ಬಿಟ್ಟು, ಗಾಳಿಯ ವೇಗ ಗಂಟೆಗೆ 100 ಕಿ.ಮೀ. ಎಂದುಕೊಳ್ಳಿ: ಪೂರ್ವಕ್ಕೆ ಹೋಗುವಾಗ ಹಿಂದಿನಿಂದ ತಳ್ಳಿ 5 ಗಂಟೆ 34 ನಿಮಿಷ, ಪಶ್ಚಿಮಕ್ಕೆ ಎದುರಾಗಿ 6 ಗಂಟೆ 58 ನಿಮಿಷ. ಹೋಗಿಬರುವಾಗ ಗಾಳಿಯ ಲಾಭ–ನಷ್ಟ ಸರಿಹೋಗುವುದಿಲ್ಲ, ಒಟ್ಟು 9 ನಿಮಿಷ ಹೆಚ್ಚೇ ತಗಲುತ್ತದೆ. ಎದುರುಗಾಳಿಯಲ್ಲಿ ಕಳೆಯುವ ಸಮಯವೇ ಜಾಸ್ತಿಯಲ್ಲವೇ.

ಈಗ ನಿಜವಾದ ತೊಡಕು. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಲಂಡನ್ ಬಿಡುವುದು 11:00, ನ್ಯೂಯಾರ್ಕ್ ಸೇರುವುದು 14:00. ಕಳೆದರೆ 3 ಗಂಟೆ! ಎರಡೂ ಊರುಗಳ ಗಡಿಯಾರಗಳ ನಡುವಿನ 5 ಗಂಟೆಯ ಅಂತರವನ್ನು ಕೂಡಿಸಬೇಕೋ ಕಳೆಯಬೇಕೋ ಎಂಬಲ್ಲೇ ಎಲ್ಲರೂ ಎಡವುವುದು. ‘ಪಶ್ಚಿಮಕ್ಕೆ ಕೂಡಿಸು, ಪೂರ್ವಕ್ಕೆ ಕಳೆ’ ಎಂಬ ಬಾಯಿಪಾಠವನ್ನು ನಂಬಬೇಡಿ, ದಿನಾಂಕ ರೇಖೆ (ಪೆಸಿಫಿಕ್ ಸಾಗರದಲ್ಲಿ ತಾರೀಖು ಬದಲಾಗುವ ಗೆರೆ) ದಾಟಿದ ಕೂಡಲೇ ಅದು ಕೈಕೊಡುತ್ತದೆ. ಎರಡೂ ಹೊತ್ತುಗಳನ್ನು ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಹೊತ್ತಿಗೆ, ತಂದು ಆಮೇಲೆ ಕಳೆಯಿರಿ.

ಯುಟಿಸಿ ಎಂದರೆ ಸ್ಥಳೀಯ ಹೊತ್ತಿನಿಂದ ಆ ಊರಿನ ಅಂತರವನ್ನು ಕಳೆದದ್ದು, ಚಿಹ್ನೆ ಸಮೇತ (ಯುಟಿಸಿಗಿಂತ ಮುಂದಿದ್ದರೆ ಪ್ಲಸ್, ಹಿಂದಿದ್ದರೆ ಮೈನಸ್). ಚಳಿಗಾಲದಲ್ಲಿ ನ್ಯೂಯಾರ್ಕ್‌ನ ಅಂತರ ಮೈನಸ್ 5. ಮೈನಸ್ 5 ಅನ್ನು ಕಳೆಯುವುದೆಂದರೆ 5 ಕೂಡಿಸುವುದು: 14:00 ಹೋಗಿ 19:00. ಆಗ ಲಂಡನ್‌ನ ಅಂತರ ಸೊನ್ನೆ, 11:00 ಹಾಗೇ ಉಳಿಯುತ್ತದೆ. ಅವಧಿ 8 ಗಂಟೆ. ಮರಳುವಾಗ ನ್ಯೂಯಾರ್ಕ್ 19:00 ಎಂದರೆ ಯುಟಿಸಿ 24:00. ಲಂಡನ್ ಮರುದಿನ 07:00. ಅವಧಿ 7 ಗಂಟೆ.

ಟೋಕಿಯೊ ಪ್ಲಸ್ 9, ಹೊನೊಲುಲು ಮೈನಸ್ 10. 10ನೇ ತಾರೀಖು 20:00ಕ್ಕೆ ಹೊರಟು ಅದೇ 10ರ ಬೆಳಿಗ್ಗೆ 08:00ಕ್ಕೆ ಇಳಿದರೆ, ಗಡಿಯಾರದ ಪ್ರಕಾರ ಹೊರಡುವ 12 ಗಂಟೆ ಮೊದಲೇ ತಲುಪಿದಂತೆ. ಯುಟಿಸಿಯಲ್ಲಿ 11:00ರಿಂದ 18:00, ಅಂದರೆ 7 ಗಂಟೆ. ತಾರೀಖನ್ನು ಹೊತ್ತಿನ ಜೊತೆಗೇ ಬರೆದುಕೊಳ್ಳಿ. ಅದನ್ನು ಬಿಟ್ಟರೆ 24 ಗಂಟೆಯ ತಪ್ಪು ನುಸುಳುತ್ತದೆ.

ಇನ್ನೊಂದು ಹಳ್ಳ: ಅಮೆರಿಕದಲ್ಲಿ ಬೇಸಿಗೆಗೆಂದು ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವುದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್‌ನಲ್ಲಿ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ಲಂಡನ್–ನ್ಯೂಯಾರ್ಕ್ ಅಂತರ 5 ಅಲ್ಲ, 4. ಅಕ್ಟೋಬರ್ ಕೊನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೂ ಹೀಗೇ.