‘ಜ್ಯಾಗೆಡ್’: ಹಾಡು ಆಕೆಯದ್ದು, ಕತ್ತರಿ ಯಾರದ್ದು?

ಸಾಕ್ಷ್ಯಚಿತ್ರ ನೋಡಿ ಟಿಪ್ಪಣಿ ಬರೆಯುವಾಗ ನಮ್ಮಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಕ್ಯಾಮೆರಾ ಎದುರು ಕೂತು ಮಾತಾಡುವವರೇ ಕಥೆ ಹೇಳುತ್ತಿದ್ದಾರೆ ಅಂದುಕೊಂಡುಬಿಡುತ್ತೇವೆ. ಮಾತು ಅವರದ್ದೇ, ಸರಿ. ಆದರೆ ಯಾವ ಮಾತು ಉಳಿಯಬೇಕು, ಯಾವುದರ ಹಿಂದೆ ಯಾವುದು ಬರಬೇಕು ಅನ್ನುವುದು ಎಡಿಟಿಂಗ್‌ಗೆ ಕೂತವರ ಕೈಲಿರುತ್ತದೆ. ಇದನ್ನು ನನಗೆ ಚೆನ್ನಾಗಿ ಅರ್ಥ ಮಾಡಿಸಿದ್ದು 2021ರ ‘ಜ್ಯಾಗೆಡ್’. ಕೆನಡಾದ ರಾಕ್ ಗಾಯಕಿ ಅಲಾನಿಸ್ ಮೊರಿಸೆಟ್ ಅವರ ‘ಜ್ಯಾಗೆಡ್ ಲಿಟಲ್ ಪಿಲ್’ ಆಲ್ಬಮ್ ಬಗ್ಗೆ ಆಲಿಸನ್ ಕ್ಲೇಮನ್ ನಿರ್ದೇಶಿಸಿದ ಚಿತ್ರ. ಅಮೆರಿಕದ ಟಿವಿ ವಾಹಿನಿ ಎಚ್‌ಬಿಒ ಇದನ್ನು ‘ಮ್ಯೂಸಿಕ್ ಬಾಕ್ಸ್’ ಅನ್ನುವ ಸರಣಿಯಲ್ಲಿ ಹಾಕಿತು.

ಚಿತ್ರ ಮೊದಲು ತೆರೆ ಕಂಡಿದ್ದು ಟೊರಾಂಟೊ ಚಿತ್ರೋತ್ಸವದಲ್ಲಿ, ಸೆಪ್ಟೆಂಬರ್ 2021ರಲ್ಲಿ. ಯಾರ ಬಗ್ಗೆ ಚಿತ್ರವೋ ಅವರೇ ಅಲ್ಲಿಗೆ ಬರಲಿಲ್ಲ. ಬರಲಿಲ್ಲ ಅಷ್ಟೇ ಅಲ್ಲ, ಇದು ನಾನು ಹೇಳಲು ಒಪ್ಪಿಕೊಂಡ ಕಥೆಯೇ ಅಲ್ಲ ಎಂದು ಹೇಳಿಕೆ ಕೊಟ್ಟರು. ಆ ಜಗಳಕ್ಕೆ ಆಮೇಲೆ ಬರೋಣ. ಆಲ್ಬಮ್ ಗೊತ್ತಿಲ್ಲದೆ ಜಗಳ ಅರ್ಥವಾಗುವುದಿಲ್ಲ.

ಮೊದಲ ಆಲ್ಬಮ್ ಅಲ್ಲ, ಮೂರನೆಯದು

ಹೆಸರು ತಂದ ಆಲ್ಬಮ್ ಅಂದ ಕೂಡಲೇ ಚೊಚ್ಚಲ ಆಲ್ಬಮ್ ಎಂದು ಬರೆಯಬೇಡಿ. ನಾನೂ ಮೊದಲು ಹಾಗೇ ಬರೆದು ಹೊಡೆದುಹಾಕಿದ್ದೆ. ಅಲಾನಿಸ್ ಹುಟ್ಟಿದ್ದು 1974ರಲ್ಲಿ, ಒಟ್ಟಾವಾದಲ್ಲಿ. ಹನ್ನೆರಡರ ಹೊತ್ತಿಗೇ ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ನಟಿಸುತ್ತಿದ್ದರು. 1991 ಮತ್ತು 1992ರಲ್ಲಿ ಎರಡು ಆಲ್ಬಮ್ ಬಂದವು, ಎರಡೂ ಕೆನಡಾದಲ್ಲಿ ಮಾತ್ರ. ಎರಡೂ ಡಾನ್ಸ್ ಪಾಪ್: ಗುಂಗುರು ಮಾಡಿದ ಕೂದಲು, ಸಿಂಥಸೈಜರ್ ಬೀಟು, ನಗುಮುಖ. ಮೊದಲನೆಯದು ಚೆನ್ನಾಗಿ ಓಡಿತು, ಎರಡನೆಯದು ಅಷ್ಟು ಓಡಲಿಲ್ಲ. ಕಂಪನಿ ಕೈಬಿಟ್ಟಿತು.

ಹದಿನೆಂಟು ತುಂಬಿದ ಹುಡುಗಿಯ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಎಷ್ಟೋ ಬಾಲತಾರೆಯರದ್ದು ಮುಗಿದೂ ಇದೆ. ಈಕೆ ಮನೆ ಬಿಟ್ಟು ಟೊರಾಂಟೊಗೆ, ಅಲ್ಲಿಂದ ಲಾಸ್ ಏಂಜಲೀಸ್‌ಗೆ ಹೋದರು. ಹಳೆಯ ಟಿವಿ ತುಣುಕುಗಳಲ್ಲಿ ಕುಣಿಯುವ ಹುಡುಗಿಯನ್ನೂ ಈಗಿನ ಅಲಾನಿಸ್ ಅವರನ್ನೂ ಚಿತ್ರ ಒಟ್ಟಿಗೆ ಇಡುತ್ತದೆ. ಆ ಹುಡುಗಿಯ ನಗು ನೋಡಿ. ಯಾರೋ ಪಕ್ಕದಲ್ಲಿ ನಿಂತು ‘ಇನ್ನೂ ಸ್ವಲ್ಪ ನಗು’ ಅನ್ನುತ್ತಿರುವ ಹಾಗಿದೆ. ಇದು ನನ್ನ ಅನಿಸಿಕೆ, ಪರೀಕ್ಷೆಯಲ್ಲಿ ಬರೆಯಬೇಡಿ.

ಒಂದು ಮನೆ, ಒಂದು ದಿನ, ಒಂದು ಹಾಡು

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದರೆ ಆಲ್ಬಮ್‌ನ ಗುಟ್ಟು ಇರುವುದೇ ಇಲ್ಲಿ.

1994ರಲ್ಲಿ ಗ್ಲೆನ್ ಬ್ಯಾಲಾರ್ಡ್ ಸಿಕ್ಕಿದರು. ಆಗಲೇ ದೊಡ್ಡ ಹೆಸರು; ಮೈಕಲ್ ಜಾಕ್ಸನ್ ಹಾಡಿದ ‘ಮ್ಯಾನ್ ಇನ್ ದ ಮಿರರ್’ ಬರೆದ ಇಬ್ಬರಲ್ಲಿ ಒಬ್ಬರು. ಲಾಸ್ ಏಂಜಲೀಸ್‌ನ ಎನ್ಸಿನೊ ಬಡಾವಣೆಯಲ್ಲಿ ಅವರ ಮನೆ, ಮನೆಯೊಳಗೇ ಸ್ಟುಡಿಯೊ. ಇಬ್ಬರೂ ಕೂತು ದಿನಕ್ಕೊಂದು ಹಾಡು ಅನ್ನುವ ಲೆಕ್ಕದಲ್ಲಿ ಬರೆಯುತ್ತಿದ್ದರು. ಬರೆದ ದಿನವೇ ರಾತ್ರಿ ಅಲಾನಿಸ್ ಮೈಕ್ ಮುಂದೆ ನಿಂತು ಹಾಡುತ್ತಿದ್ದರು. ಒಂದು ಟೇಕ್, ಹೆಚ್ಚೆಂದರೆ ಎರಡು.

ಸಾಮಾನ್ಯವಾಗಿ ಇದನ್ನು ಡೆಮೊ ಅನ್ನುತ್ತಾರೆ. ಕಂಪನಿಗೆ ಕೇಳಿಸಲು ಮಾಡುವ ಕಚ್ಚಾ ಪ್ರತಿ. ಒಪ್ಪಿಗೆ ಸಿಕ್ಕಿದ ಮೇಲೆ ದೊಡ್ಡ ಸ್ಟುಡಿಯೊದಲ್ಲಿ ಹೊಸದಾಗಿ ಹಾಡಿಸಿ, ಕೊರತೆ ತಿದ್ದಿ, ನುಣುಪು ಮಾಡುತ್ತಾರೆ. ಇವರು ಬೇರೆ ವಾದ್ಯಗಳನ್ನು ಸೇರಿಸಿದರು, ಆದರೆ ಡೆಮೊದ ಗಂಟಲನ್ನು ಹಾಗೇ ಉಳಿಸಿಕೊಂಡರು. ಎಲ್ಲೋ ಸ್ವರ ಸೀಳುತ್ತದೆ, ಎಲ್ಲೋ ಉಸಿರು ಎಳೆದುಕೊಳ್ಳುವ ಸದ್ದು ಜೋರಾಗಿ ಕೇಳಿಸುತ್ತದೆ. ಹಾಡು ಹುಟ್ಟಿದ ದಿನದ ದನಿಯೇ ಕೋಟ್ಯಂತರ ಜನರ ಕಿವಿಗೆ ಬಿತ್ತು ಅಲ್ವಾ, ಅದೇ ಸಂಗತಿ.

‘ಯೂ ಆಟ್ಟಾ ನೋ’ ಹಾಡನ್ನೇ ತಗೊಳ್ಳಿ. ಅದರಲ್ಲಿ ಗಿಟಾರ್ ನುಡಿಸಿದ್ದು ಡೇವ್ ನವಾರೊ, ಬೇಸ್ (ತಗ್ಗು ಸ್ವರದ ಗಿಟಾರ್) ನುಡಿಸಿದ್ದು ಫ್ಲೀ. ಇಬ್ಬರೂ ಆಗ ರೆಡ್ ಹಾಟ್ ಚಿಲಿ ಪೆಪ್ಪರ್ಸ್ ತಂಡದವರು. ಅವರಿಗೆ ಕೊಟ್ಟಿದ್ದು ಅಲಾನಿಸ್ ಹಾಡಿದ ದನಿಯನ್ನು. ಆ ದನಿ ಕೇಳುತ್ತಾ ಅದಕ್ಕೆ ತಕ್ಕ ಹಾಗೆ ಇವರು ನುಡಿಸಿದರು. ಸಾಮಾನ್ಯ ಕ್ರಮಕ್ಕೆ ಇದು ತಲೆಕೆಳಗು. ಆ ಹಾಡಿನ ಬೇಸ್ ದನಿಯ ಬೆನ್ನು ಹತ್ತಿ ಓಡುವ ಹಾಗೆ ಕೇಳಿಸುವುದಕ್ಕೆ ಇದೇ ಕಾರಣ. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಬೇಸ್ ಮಾತ್ರ ಹಿಂಬಾಲಿಸಿ ನೋಡಿ.

ಹಲವು ಕಂಪನಿಗಳು ಬೇಡ ಅಂದವು. ಕೊನೆಗೆ ಕೈ ಹಿಡಿದಿದ್ದು ಮಡೋನಾ ಅವರ ಮ್ಯಾವ್ರಿಕ್ ಕಂಪನಿ. ಜೂನ್ 13, 1995ರಂದು ಆಲ್ಬಮ್ ಬಂತು. ಹೆಸರು ಅದೇ ಆಲ್ಬಮ್‌ನ ‘ಯೂ ಲರ್ನ್’ ಹಾಡಿನ ಸಾಲಿನಿಂದ ಎತ್ತಿದ್ದು. ಅಂಚು ಚೂಪಾಗಿರುವ, ನುಂಗುವಾಗ ಗಂಟಲು ಗೀರುವ ಗುಳಿಗೆ ಅಂತ ಅರ್ಥ ಮಾಡಿಕೊಳ್ಳಬಹುದು.

‘ಈಗಾಗಲೇ ಒಬ್ಬಳಿದ್ದಾಳೆ’

ಚಿತ್ರದಲ್ಲಿ ನಾನು ಎರಡು ಸಲ ಹಿಂದೆ ಹೋಗಿ ನೋಡಿದ ಭಾಗ ರೇಡಿಯೊದ್ದು. ಆಗ ಅಮೆರಿಕದಲ್ಲಿ ರೇಡಿಯೊ ಹಾಕದಿದ್ದರೆ ರಾಕ್ ಹಾಡು ಸತ್ತ ಹಾಗೇ. ಆದರೆ ಸ್ಟೇಷನ್‌ಗಳಲ್ಲಿ ಎಲ್ಲೂ ಬರೆದಿಡದ ಒಂದು ಕಟ್ಟಳೆ ಇತ್ತು: ಇಬ್ಬರು ಗಾಯಕಿಯರ ಹಾಡನ್ನು ಬೆನ್ನು ಬೆನ್ನಿಗೆ ಹಾಕಬಾರದು. ಹೊಸ ಹಾಡು ತಂದರೆ ‘ನಮ್ಮ ಪಟ್ಟಿಯಲ್ಲಿ ಈಗಾಗಲೇ ಒಬ್ಬ ಹೆಣ್ಣುಮಗಳಿದ್ದಾಳೆ’ ಅನ್ನುವ ಉತ್ತರ. ನಾಲ್ಕು ಗಂಡಸರ ತಂಡಗಳನ್ನು ಸಾಲಾಗಿ ಹಾಕಿದರೆ ಯಾರೂ ಲೆಕ್ಕ ಇಡುತ್ತಿರಲಿಲ್ಲ.

ಲಾಸ್ ಏಂಜಲೀಸ್‌ನ ಕೆಆರ್‌ಒಕ್ಯು ಸ್ಟೇಷನ್ ‘ಯೂ ಆಟ್ಟಾ ನೋ’ ಹಾಕಲು ಶುರು ಮಾಡಿತು. ಕೇಳಿದವರು ಮತ್ತೆ ಮತ್ತೆ ಕೇಳಿದರು. ಅಕ್ಟೋಬರ್‌ನಲ್ಲಿ ಆಲ್ಬಮ್ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯ ತುದಿ ಮುಟ್ಟಿತು, ಒಟ್ಟು 12 ವಾರ ಅಲ್ಲಿತ್ತು. ಫೆಬ್ರವರಿ 1996ರಲ್ಲಿ ನಾಲ್ಕು ಗ್ರ್ಯಾಮಿ, ಅದರಲ್ಲೊಂದು ವರ್ಷದ ಆಲ್ಬಮ್ ಪ್ರಶಸ್ತಿ. ಆಗ ಆಕೆಗೆ 21. ಜಗತ್ತಿನಾದ್ಯಂತ ಸುಮಾರು 3.3 ಕೋಟಿ ಪ್ರತಿ ಹೋಗಿವೆ ಅನ್ನುವುದು ಸಾಮಾನ್ಯವಾಗಿ ಕೊಡುವ ಲೆಕ್ಕ.

ರೇಡಿಯೊದ ಈ ಕಟ್ಟಳೆಗೆ ಬೇಸತ್ತೇ ಇನ್ನೊಬ್ಬ ಕೆನಡಾ ಗಾಯಕಿ ಸಾರಾ ಮೆಕ್ಲಾಕ್ಲನ್ 1997ರಲ್ಲಿ ‘ಲಿಲಿತ್ ಫೇರ್’ ಶುರು ಮಾಡಿದ್ದು. ಗಾಯಕಿಯರನ್ನೇ ಸಾಲಾಗಿ ನಿಲ್ಲಿಸಿದ ಸಂಗೀತ ಯಾತ್ರೆ ಅದು. ಪ್ರಬಂಧ ಬರೆಯುವವರು ಈ ಎರಡನ್ನೂ ಜೋಡಿಸಿ, ಬರೀ ಅಂಕಿ ಸಂಖ್ಯೆ ತುಂಬಬೇಡಿ.

ಹೆಸರು ಬಂದ ಮೇಲೆ ಹಣೆಪಟ್ಟಿ ಬಂತು. ನವೆಂಬರ್ 1995ರ ‘ರೋಲಿಂಗ್ ಸ್ಟೋನ್’ ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಅಲಾನಿಸ್ ಮುಖ, ಅದರ ಮೇಲೆ ‘ಆಂಗ್ರಿ ವೈಟ್ ಫೀಮೇಲ್’ ಎಂಬ ತಲೆಬರಹ. ಸಿಟ್ಟಿನ ಹೆಣ್ಣು. ಆಲ್ಬಮ್ ಪೂರ್ತಿ ಕೇಳಿದವರಿಗೆ ಇದು ಎಷ್ಟು ಸಣ್ಣ ಓದು ಅಂತ ಗೊತ್ತಾಗುತ್ತದೆ. ‘ಪರ್ಫೆಕ್ಟ್’ನಲ್ಲಿ ಅಪ್ಪ ಅಮ್ಮನ ನಿರೀಕ್ಷೆಯ ಭಾರ ಇದೆ. ‘ಹೆಡ್ ಓವರ್ ಫೀಟ್’ ಸಂಕೋಚದ ಪ್ರೀತಿಯ ಹಾಡು. ‘ಮೇರಿ ಜೇನ್’ ಗೆಳತಿಯೊಬ್ಬಳನ್ನು ಹತ್ತಿರ ಕೂರಿಸಿಕೊಂಡು ವಿಚಾರಿಸುವ ಹಾಗಿದೆ. ಆದರೂ ‘ಯೂ ಆಟ್ಟಾ ನೋ’ ಒಂದರ ಸಿಟ್ಟನ್ನು ಹಿಡಿದು ಆಕೆಗೆ ಅಂಟಿಸಿದರು. ಆ ಹಾಡು ಯಾವ ಗಂಡಸಿನ ಬಗ್ಗೆ ಅನ್ನುವ ಊಹಾಪೋಹ ಇವತ್ತಿಗೂ ನಿಂತಿಲ್ಲ. ಅಲಾನಿಸ್ ಮಾತ್ರ ಹೆಸರು ಹೇಳಿಲ್ಲ.

ಒಂದು ಅಡ್ಡ ಮಾತು. ಇದೇ ಆಲ್ಬಮ್‌ನ ‘ಐರಾನಿಕ್’ (ಅಂದರೆ ವಿಪರ್ಯಾಸದ) ಹಾಡಿನಲ್ಲಿ ಮದುವೆ ದಿನದ ಮಳೆಯಂಥ ಉದಾಹರಣೆಗಳಿವೆ. ಇದು ವಿಪರ್ಯಾಸ ಅಲ್ಲ, ಬರೀ ದುರದೃಷ್ಟ ಎಂದು ಭಾಷೆಯ ಮೇಷ್ಟ್ರುಗಳು ವರ್ಷಗಟ್ಟಲೆ ಕಾಲೆಳೆದಿದ್ದಾರೆ. ಆಕೆಯೂ ನಕ್ಕು ಒಪ್ಪಿಕೊಂಡು, 2015ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಹೊಸ ಉದಾಹರಣೆ ಸೇರಿಸಿ ಹಾಡಿದರು. ಹಸಿ ಅಕ್ಕಿ ತಿಂದರೆ ಮದುವೆಗೆ ಮಳೆ ಬರುತ್ತೆ ಅಂತ ಬೈಸಿಕೊಂಡು ಬೆಳೆದ ನಮಗೆ ಅದು ವಿಪರ್ಯಾಸವೂ ಅಲ್ಲ, ದುರದೃಷ್ಟವೂ ಅಲ್ಲ, ಸುಮ್ನೆ ತಪ್ಪಿಗೆ ಶಿಕ್ಷೆ!

ಈಗ ಜಗಳಕ್ಕೆ

ಚಿತ್ರದ ಒಂದು ಭಾಗದಲ್ಲಿ ಅಲಾನಿಸ್ ತಮ್ಮ ಹದಿಹರೆಯದ ಬಗ್ಗೆ ಮಾತಾಡುತ್ತಾರೆ. ಹದಿನೈದರ ವಯಸ್ಸಿನಲ್ಲಿ ದೊಡ್ಡ ಗಂಡಸರು ತನ್ನನ್ನು ಬಳಸಿಕೊಂಡರು, ಕಾನೂನಿನ ಕಣ್ಣಲ್ಲಿ ಅದು ಅತ್ಯಾಚಾರವೇ ಅನ್ನುತ್ತಾರೆ. ಯಾರ ಹೆಸರನ್ನೂ ಹೇಳುವುದಿಲ್ಲ. ನಾನು ಒಪ್ಪಿದ್ದೆ ಎಂದು ತಾನೇ ಎಷ್ಟೋ ವರ್ಷ ಹೇಳಿಕೊಂಡಿದ್ದೆ, ಹದಿನೈದರ ಹುಡುಗಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅನ್ನುವುದು ಥೆರಪಿಯಲ್ಲಿ ಅರಿವಾಯಿತು ಅನ್ನುತ್ತಾರೆ. ಹೆಣ್ಣುಮಕ್ಕಳು ಇಷ್ಟು ತಡವಾಗಿ ಯಾಕೆ ಹೇಳುತ್ತಾರೆ ಎಂಬ ಪ್ರಶ್ನೆಗೆ ಅವರ ಉತ್ತರ ನೇರ: ಹೆಣ್ಣುಮಕ್ಕಳು ತಡ ಮಾಡುವುದಿಲ್ಲ, ಸಮಾಜ ಕೇಳಿಸಿಕೊಳ್ಳುವುದಿಲ್ಲ.

ಚಿತ್ರ ತೆರೆ ಕಾಣುವ ಮುಂಚೆಯೇ ಪತ್ರಿಕೆಗಳ ತಲೆಬರಹವೆಲ್ಲ ಇದೇ ಆಯಿತು. ಆಲ್ಬಮ್ ಹಿಂದಕ್ಕೆ ಸರಿಯಿತು.

ಅಲಾನಿಸ್ ಹೇಳಿಕೆಯ ಸಾರ ಇಷ್ಟು. ಆಲ್ಬಮ್‌ಗೆ 25 ವರ್ಷ ತುಂಬಿದ ಸಂಭ್ರಮದ ಚಿತ್ರ ಎಂದು ಒಪ್ಪಿಕೊಂಡಿದ್ದೆ. ಸಂದರ್ಶನ ಕೊಟ್ಟಿದ್ದು ಲಾಕ್‌ಡೌನ್‌ನಲ್ಲಿ, ಮೂರನೇ ಬಾಣಂತನದ ಖಿನ್ನತೆಯಲ್ಲಿದ್ದಾಗ. ಚಿತ್ರ ಮಾಡಿದವರು ಹುಸಿ ಭರವಸೆ ಮೂಡಿಸಿದರು. ಮೊದಲ ಕಟ್ (ಎಡಿಟ್ ಮಾಡಿದ ಮೊದಲ ರೂಪ) ನೋಡಿದಾಗಲೇ ಇವರ ಉದ್ದೇಶ ಬೇರೆ, ನನ್ನದು ಬೇರೆ ಅಂತ ಗೊತ್ತಾಯಿತು. ನಿಜವಲ್ಲದ ಸಂಗತಿಗಳೂ ಅದರಲ್ಲಿವೆ. ಯಾವ ಸಂಗತಿ ನಿಜವಲ್ಲ ಅನ್ನುವುದನ್ನು ಆ ಹೇಳಿಕೆಯಲ್ಲಿ ಬಿಡಿಸಿ ಹೇಳಲಿಲ್ಲ. ನಿರ್ದೇಶಕಿ ಕಹಿಯಾಗಿ ಮಾತಾಡಲಿಲ್ಲ. ತನ್ನ ಬಗ್ಗೆಯೇ ಮಾಡಿದ ಚಿತ್ರ ನೋಡುವುದು ಯಾರಿಗಾದರೂ ಕಷ್ಟ ಎನ್ನುವ ಅರ್ಥದ ಮಾತಾಡಿದರು. ನವೆಂಬರ್‌ನಲ್ಲಿ ಚಿತ್ರ ಎಚ್‌ಬಿಒದಲ್ಲಿ ಬಂತು.

ಯಾರು ಸರಿ ಅಂತ ತೀರ್ಪು ಕೊಡಲು ಓಡಬೇಡಿ. ಮೊದಲು ಒಂದು ಪದ ಕಲಿಯಿರಿ: ಫೈನಲ್ ಕಟ್. ಕೊನೆಯ ರೂಪ ಹೀಗೇ ಇರಲಿ ಅನ್ನುವ ಅಧಿಕಾರ. ಅದು ಗಾಯಕರ ಕೈಲಿದ್ದರೆ ಚಿತ್ರ ಬರೀ ಹೊಗಳಿಕೆಯ ಜಾಹೀರಾತು ಆಗಬಹುದು. ಈಚೆಗೆ ಅಂಥ ಸಂಗೀತ ಚಿತ್ರಗಳಿಗೆ ಬರವಿಲ್ಲ. ನಿರ್ದೇಶಕರ ಕೈಲಿದ್ದರೆ, ಮಾತಾಡಿದವರು ತಮ್ಮದೇ ಮಾತನ್ನು ಬೇರೆ ಜಾಗದಲ್ಲಿ ಕೇಳಿ ಬೆಚ್ಚಿಬೀಳಬಹುದು. ಮಾತು ಸುಳ್ಳಾಗಬೇಕಿಲ್ಲ. ಅದರ ಹಿಂದೆ ಮುಂದೆ ಏನಿದೆ ಅನ್ನುವುದೇ ಅರ್ಥ ಬದಲಿಸುತ್ತದೆ.

ನನ್ನ ಮಟ್ಟಿಗೆ, ಕ್ಲೇಮನ್ ಆ ಭಾಗವನ್ನು ಜಾಸ್ತಿ ಎಳೆದಿಲ್ಲ. ಅಳುವ ಸಂಗೀತ ಹಾಕಿ ಹಿಂಡಿಲ್ಲ. ಆದರೂ ಅಲಾನಿಸ್ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಯಾಕಂದರೆ ಅವರು ಇದೇ ವಿಷಯವನ್ನು 2002ರ ‘ಹ್ಯಾಂಡ್ಸ್ ಕ್ಲೀನ್’ ಹಾಡಿನಲ್ಲಿ ಆಗಲೇ ಮುಟ್ಟಿದ್ದರು. ದೊಡ್ಡ ಗಂಡಸು ಮತ್ತು ಎಳೆ ಹುಡುಗಿ, ‘ಯಾರಿಗೂ ಹೇಳಬೇಡ’ ಎನ್ನುವ ಅವನ ದನಿ, ಎಲ್ಲವೂ ಅದರಲ್ಲಿದೆ. ಎಷ್ಟು ಹೇಳಬೇಕು, ಯಾವ ರಾಗದಲ್ಲಿ ಹೇಳಬೇಕು ಅನ್ನುವುದನ್ನು ಅಲ್ಲಿ ತಾವೇ ತೀರ್ಮಾನಿಸಿದ್ದರು. ಇಲ್ಲಿ ಆ ತೀರ್ಮಾನ ಇನ್ನೊಬ್ಬರದ್ದು.

ಚಿತ್ರ ಎರಡನೇ ಸಲ ನೋಡುವಾಗ ಒಂದು ಕೆಲಸ ಮಾಡಿ. ಹಾಳೆಯ ಮಧ್ಯೆ ಗೆರೆ ಎಳೆದು, ಎಡಗಡೆ ಆ ಕಾಲದ್ದೇ ಆದ ತುಣುಕು, ಬಲಗಡೆ ಈಗ ನೆನಪಿಸಿಕೊಂಡ ಮಾತು ಎಂದು ಬರೆಯುತ್ತಾ ಹೋಗಿ. 1995ರ ಪ್ರವಾಸದ ದೃಶ್ಯದಲ್ಲಿ ಉದ್ದ ಕೂದಲು ಬೀಸುತ್ತಾ, ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುವ ಅಲಾನಿಸ್ ಎಡಗಡೆ. ಹಿಂದೆ ಡ್ರಮ್ಸ್ ಬಾರಿಸುವ ಟೇಲರ್ ಹಾಕಿನ್ಸ್ ಕೂಡ ಎಡಗಡೆಯೇ. 1997ರಲ್ಲಿ ಅವರು ಫೂ ಫೈಟರ್ಸ್ ಎಂಬ ರಾಕ್ ತಂಡ ಸೇರಿದರು. ಅದೇ ಹಾಕಿನ್ಸ್ ವಯಸ್ಸಾದ ಮೇಲೆ ನಗುತ್ತಾ ನೆನೆಯುವುದು ಬಲಗಡೆ. ಚಿತ್ರ ಬಂದ ಕೆಲವೇ ತಿಂಗಳಿಗೆ, ಮಾರ್ಚ್ 2022ರಲ್ಲಿ ಅವರು ತೀರಿಕೊಂಡರು. ಹಾಗಾಗಿ ಆ ನಗುವಿನ ಭಾಗ ನೋಡುವಾಗ ಈಗ ಬೇರೆಯೇ ಥರ ಅನಿಸುತ್ತದೆ.

ಒಂದೂವರೆ ವರ್ಷದ ಆ ಪ್ರವಾಸ ಮುಗಿದ ಮೇಲೆ ದಣಿದುಹೋದ ಅಲಾನಿಸ್ ಭಾರತಕ್ಕೆ ಬಂದು ಹೋದರು. ಅದಾದ ಮೇಲೆ ಹುಟ್ಟಿದ್ದು 1998ರ ‘ಥ್ಯಾಂಕ್ ಯೂ’. ಹಾಡಿನಲ್ಲಿ ನಮ್ಮ ದೇಶದ ಹೆಸರು ಹಿಡಿದೇ ಕೃತಜ್ಞತೆ ಹೇಳಿದ್ದಾರೆ. ಕೇಬಲ್ ಟಿವಿಯಲ್ಲಿ ಅದನ್ನು ಮೊದಲ ಸಲ ಕೇಳಿದಾಗ ಕಿವಿ ನೆಟ್ಟಗಾಗಿದ್ದು ನೆನಪಿದೆ.

ಕೊನೆಗೆ ಆಲ್ಬಮ್‌ಗೇ ವಾಪಸ್ ಹೋಗಿ. ಸಿ.ಡಿ.ಯ ಕೊನೆಯಲ್ಲಿ ‘ಯೂ ಆಟ್ಟಾ ನೋ’ ಇನ್ನೊಂದು ರೂಪದಲ್ಲಿ ಮತ್ತೆ ಬಂದು ಮುಗಿದ ಮೇಲೆ ನಿಲ್ಲಿಸಬೇಡಿ. ಸ್ವಲ್ಪ ಹೊತ್ತು ಏನೂ ಕೇಳಿಸುವುದಿಲ್ಲ. ಆಮೇಲೆ ಹೊದಿಕೆಯಲ್ಲಿ ಹೆಸರೇ ಇಲ್ಲದ ಹಾಡೊಂದು ಶುರುವಾಗುತ್ತದೆ, ‘ಯುವರ್ ಹೌಸ್’. ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ, ಬರೀ ದನಿ. ಪ್ರಿಯಕರ ಇಲ್ಲದ ಹೊತ್ತಲ್ಲಿ ಹೇಳದೆ ಕೇಳದೆ ಅವನ ಮನೆಯೊಳಗೆ ಹೋದವಳ ಹಾಡು. ಅವನ ಬಟ್ಟೆ ಹಾಕಿಕೊಳ್ಳುತ್ತಾಳೆ, ಅವನ ಸೆಂಟು ಹುಡುಕಿ ತೆಗೆಯುತ್ತಾಳೆ. ಮೇಜಿನ ಮೇಲೆ ಕಾಗದ ಸಿಗುತ್ತದೆ. ಅದು ಅವಳು ಬರೆದದ್ದಲ್ಲ. ಓದುತ್ತಾಳೆ.